ಹೆಸರಿಗೊಂದು ಮುಕ್ಕಾಂ: ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಲೋಕಲ್ ವೇರಿಯಬಲ್

(ಸಂಸ್ಥೆಯ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಮಾಡಿದ ಭಾಷಣ. ಅಚ್ಚಿಗಾಗಿ ಅಲ್ಲಲ್ಲಿ ತುಸು ವಿಸ್ತರಿಸಿದೆ.)



ಈ ವೇದಿಕೆಯಿಂದ ಪ್ರತಿವರ್ಷ ಶಿಕ್ಷಣದ ಮಹತ್ವ, ಹೆಣ್ಣುಮಕ್ಕಳ ಓದು, ಮೊಬೈಲಿನ ಹಾವಳಿ ಮುಂತಾದ ವಿಷಯಗಳ ಬಗ್ಗೆ ಮಾತನಾಡುವುದು ವಾಡಿಕೆ. ಅವೆಲ್ಲ ಬೇಕಾದ ವಿಷಯಗಳೇ. ಆದರೆ ಅವುಗಳನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ಹಿರಿಯರು ಇಲ್ಲಿ ಕುಳಿತಿದ್ದಾರೆ. ನಾನು ಇವತ್ತು ಬಹಳ ಸಣ್ಣ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಒಂದು ವೇರಿಯಬಲ್ಲನ್ನು ಲೋಕಲ್ ಎಂದು ಘೋಷಿಸುವುದು ಹೇಗೆ, ಘೋಷಿಸದಿದ್ದರೆ ಏನಾಗುತ್ತದೆ ಎಂಬುದೇ ಆ ವಿಷಯ. ಉರ್ದು, ಕನ್ನಡ ಕಲಿಸುವ ಟೀಚರಿಗೆ ಇದರ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ: ಕಳೆದ ವರ್ಷದ ವಿದ್ಯಾರ್ಥಿವೇತನದ ಪಟ್ಟಿ. ಗೊತ್ತಿಲ್ಲದವರಿಗಾಗಿ ಅದನ್ನೇ ಮೊದಲು ಹೇಳಿಬಿಡುತ್ತೇನೆ. ಓಣಿಯಲ್ಲಿ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದ ಕೇಳಿದರೆ ಲೆಕ್ಕ ಸರಿಯಾಗಿರುತ್ತದೆ.

ಎಸ್.ಎಸ್.ಎಲ್.ಸಿ. ಮುಗಿಸಿ ಪಿ.ಯು.ಸಿ. ಸೇರುವ ಮಕ್ಕಳಿಗೆ ಸಂಸ್ಥೆಯಿಂದ ತಲಾ 3,000 ರೂಪಾಯಿ ಕೊಡುವುದೆಂದು ನಿರ್ಧಾರವಾಗಿತ್ತು. ಅದಕ್ಕಾಗಿ ತೆಗೆದಿಟ್ಟಿದ್ದ ಹಣ 90,000 ರೂಪಾಯಿ. ಅಂದರೆ 30 ಮಕ್ಕಳಿಗೆ ಸಾಕು. ಬಂದ ಅರ್ಜಿ 58. ನಿಯಮ ಎರಡೇ: 625ಕ್ಕೆ ಕನಿಷ್ಠ 375 ಅಂಕ ಇರಬೇಕು, ಮತ್ತು ಕಡಿಮೆ ಆದಾಯದ ಮನೆಯ ಮಗುವಿಗೆ ಮೊದಲ ಆದ್ಯತೆ. ಹಿಂದೆಲ್ಲ ಈ ಪಟ್ಟಿಯನ್ನು ನಮ್ಮ ಖಜಾಂಚಿ ಸಾಹೇಬರು ಕ್ಯಾಲ್ಕುಲೇಟರ್ ಹಿಡಿದುಕೊಂಡು ಎರಡು ರಾತ್ರಿ ಕೂತು ಮಾಡುತ್ತಿದ್ದರು. ನಾನು ಆ ವರ್ಷ ಗೂಗಲ್ ಶೀಟ್ಸ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆಯುವುದನ್ನು ಕಲಿತಿದ್ದೆ. ಕಲಿತದ್ದು ಸ್ವಲ್ಪ, ಹುಮ್ಮಸ್ಸು ಬಹಳ. "ಎರಡು ರಾತ್ರಿಯ ಕೆಲಸ ಎರಡು ಸೆಕೆಂಡಿನಲ್ಲಿ ಮಾಡಿಕೊಡುತ್ತೇನೆ" ಎಂದು ಸಭೆಯಲ್ಲಿ ಹೇಳಿಬಿಟ್ಟೆ. ಹೇಳಿದಂತೆಯೇ ಎರಡು ಸೆಕೆಂಡಿನಲ್ಲಿ ಪಟ್ಟಿ ಬಂತು. ಶುಕ್ರವಾರ ಜುಮ್ಮಾ ನಮಾಜಿನ ಹೊತ್ತಿಗೆ ಕಚೇರಿಯ ಬೋರ್ಡಿಗೆ ಹಚ್ಚಿದೆವು.

ಅಂದು ಸಂಜೆ ಒಬ್ಬ ತಂದೆ ಪೇಢಾ ಪೊಟ್ಟಣ ಹಿಡಿದುಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದರು. ದುರ್ಗದ ಬೈಲಿನಲ್ಲಿ ಕೈಗಾಡಿ ಇಟ್ಟುಕೊಂಡವರು. ಮಗಳು ನನ್ನ ಹತ್ತಿರವೇ ಓದಿದವಳು. "ಟೀಚರ್, ಹಮಾರಿ ಬೇಟಿ ಕಾ ನಾಂ ಹೈ ನಾ?" ಎಂದು ಕೇಳಿದರು. ಬೋರ್ಡಿನ ಮೇಲೆ ಹೆಸರು ನೋಡಿಯೇ ಬಂದಿದ್ದರು, ಆದರೂ ಬಾಯಿಂದ ಕೇಳಬೇಕೆಂಬ ಆಸೆ. ಹೌದು ಎಂದೆ.

ಭಾನುವಾರ ಚೆಕ್ ಬರೆಯಲು ಕುಳಿತ ಖಜಾಂಚಿ ಸಾಹೇಬರು ಫೋನ್ ಮಾಡಿದರು. ಪಟ್ಟಿಯಲ್ಲಿ 41 ಹೆಸರುಗಳಿದ್ದವು. 41 ಗುಣಿಲೆ 3,000 ಎಂದರೆ 1,23,000. ಇದ್ದದ್ದು 90,000. ಹನ್ನೊಂದು ಮನೆಗಳಿಗೆ ನಾವು ಇಲ್ಲದ ಹಣವನ್ನು ಘೋಷಿಸಿದ್ದೆವು.

ತುರ್ತು ಸಭೆ ಸೇರಿತು. ಹಿತೈಷಿಗಳೊಬ್ಬರು "ಕಂಪ್ಯೂಟರಿನ ತಪ್ಪಿನಿಂದಾಗಿ ಎಂದು ಬರೆದು ಹಚ್ಚೋಣ" ಎಂದರು. ನನ್ನನ್ನು ಕಾಪಾಡಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳಿದ್ದು. ಆದರೆ ಕಂಪ್ಯೂಟರ್ ತಪ್ಪು ಮಾಡಿರಲಿಲ್ಲ. ನಾನು ಬರೆದದ್ದನ್ನು ಅಕ್ಷರಶಃ ಪಾಲಿಸಿತ್ತು. ಅಧ್ಯಕ್ಷರು ನನ್ನ ಕಡೆ ನೋಡಿ "ಬೇಟಿ, ಮೊದಲು ಎಲ್ಲಿ ತಪ್ಪಾಯಿತೆಂದು ಹುಡುಕು, ಆಮೇಲೆ ಏನು ಬರೆಯಬೇಕೆಂದು ನೋಡೋಣ" ಎಂದರು. ಆ ರಾತ್ರಿ ಹುಡುಕಿದೆ. ತಪ್ಪು ಸಿಕ್ಕಿತು. ಬಿಟ್ಟುಹೋಗಿದ್ದದ್ದು ಒಂದೇ ಒಂದು ಶಬ್ದ.

ಈಗ ವಿಷಯಕ್ಕೆ ಬರೋಣ. ವಿದ್ಯಾರ್ಥಿಗಳು ಸ್ವಲ್ಪ ಮುಂದೆ ಸರಿದು ಕುಳಿತುಕೊಳ್ಳಿ.

ವೇರಿಯಬಲ್ ಎಂದರೇನು? ಗಣಿತದ ಪಾಠದಲ್ಲಿ ಇದನ್ನು ಕನ್ನಡದಲ್ಲಿ ಚರಾಕ್ಷರ ಎನ್ನುತ್ತೇವೆ, ಉರ್ದುವಿನಲ್ಲಿ ಮುತಗಯ್ಯರ್. ಕನ್ನಡದ ಶಬ್ದದಲ್ಲಿ ಚಲಿಸುವ ಅರ್ಥವಿದೆ, ಉರ್ದುವಿನ ಶಬ್ದದಲ್ಲಿ ಬದಲಾಗುವ ಅರ್ಥವಿದೆ. ಎರಡೂ ಸರಿ. ಬೆಲೆ ಬದಲಾಗುತ್ತಿರುತ್ತದೆ, ಹೆಸರು ಹಾಗೆಯೇ ಇರುತ್ತದೆ. ಲೋಕಲ್ ಎಂಬುದಕ್ಕೆ ಕನ್ನಡದಲ್ಲಿ ಸ್ಥಳೀಯ ಎನ್ನುತ್ತೇವೆ, ಉರ್ದುವಿನಲ್ಲಿ ಮುಕಾಮಿ. ಈ ಮುಕಾಮಿ ಶಬ್ದ ನಮ್ಮ ಕಡೆಯ ಕನ್ನಡಕ್ಕೆ ಹೊಸದಲ್ಲ. ಹಳೆಯ ಪತ್ರಗಳ ಮೇಲೆ "ಮು. ಪೋ." ಎಂದು ಬರೆದಿರುತ್ತಾರಲ್ಲ, ಅದು ಮುಕ್ಕಾಂ ಪೋಸ್ಟ್. ಖರೀದಿ ಪತ್ರಗಳಲ್ಲಿ ಹೆಸರಿನ ಮುಂದೆ ಬರುವ "ಸಾ." ಕೂಡ ಅರಬ್ಬಿಯ ಸಾಕಿನ್, ಅಂದರೆ ವಾಸಿಸುವವನು. ನಮ್ಮ ಹಿರಿಯರಿಗೆ ಒಂದು ಮಾತು ಗೊತ್ತಿತ್ತು: ಬರಿಯ ಹೆಸರು ಬರೆದರೆ ಯಾರೆಂದು ತಿಳಿಯುವುದಿಲ್ಲ, ಮುಕ್ಕಾಂ ಬರೆಯಬೇಕು. ಹಳೇ ಹುಬ್ಬಳ್ಳಿಯಲ್ಲಿ ನಿಂತು "ಅಬ್ದುಲ್" ಎಂದು ಕೂಗಿ ನೋಡಿ, ಎಷ್ಟು ಕಿಟಕಿ ತೆರೆಯುತ್ತವೆ ಎಂದು.

ಇನ್ನೂ ಸುಲಭವಾಗಿ ಹೇಳುತ್ತೇನೆ. ನಮ್ಮ ಓಣಿಯ ಪ್ರತಿ ಮನೆಯಲ್ಲೂ ಮಕ್ಕಳು "ಅಬ್ಬಾ" ಎಂದು ಕೂಗುತ್ತಾರೆ. ಹೆಸರು ಒಂದೇ. ಆದರೆ ಪ್ರತಿ ಮನೆಯಲ್ಲೂ ಬೇರೆ ಬೇರೆ ವ್ಯಕ್ತಿ ಓಗೊಡುತ್ತಾರೆ. ಪಕ್ಕದ ಮನೆಯ ಮಗು "ಅಬ್ಬಾ" ಎಂದರೆ ನಿಮ್ಮ ತಂದೆ ಎದ್ದು ಹೋಗುವುದಿಲ್ಲ. ಏಕೆಂದರೆ ಆ ಹೆಸರು ಮನೆಯ ನಾಲ್ಕು ಗೋಡೆಯೊಳಗೆ ಮಾತ್ರ ಚಾಲ್ತಿಯಲ್ಲಿರುತ್ತದೆ. ಇದೇ ಲೋಕಲ್ ವೇರಿಯಬಲ್. ಮನೆ ಎಂದರೆ ಫಂಕ್ಷನ್. ಇನ್ನು ಇಂಡಿ ಪಂಪ್ ಎಂದರೆ ಯಾವ ಮನೆಯವರು ಹೇಳಿದರೂ ಒಂದೇ ಜಾಗ. ಅದು ಗ್ಲೋಬಲ್.

ಗ್ಲೋಬಲ್ ಹೆಸರು ಕೆಟ್ಟದ್ದೇನಲ್ಲ. ಆದರೆ ಅದನ್ನು ಯಾರು ಮುಟ್ಟಿದರೂ ಎಲ್ಲರಿಗೂ ತಟ್ಟುತ್ತದೆ. 2014ರ ನವೆಂಬರ್ 1ರಂದು ನಮ್ಮ ಊರಿನ ಹೆಸರು ಇಂಗ್ಲಿಷಿನಲ್ಲಿ ಹುಬ್ಳಿ ಇದ್ದದ್ದು ಹುಬ್ಬಳ್ಳಿ ಆಯಿತು. ಸಂತೋಷದ ವಿಷಯ. ಆದರೆ ಎಷ್ಟು ಬೋರ್ಡು, ಎಷ್ಟು ರಬ್ಬರ್ ಸ್ಟಾಂಪು, ಎಷ್ಟು ಲೆಟರ್ ಹೆಡ್ ಬದಲಾಯಿಸಬೇಕಾಯಿತು, ನೆನಪಿಸಿಕೊಳ್ಳಿ. ನಮ್ಮ ಸಂಸ್ಥೆಯ ಕಪಾಟಿನಲ್ಲಿ ಹಳೆಯ ಸ್ಟಾಂಪು ಇನ್ನೂ ಇದೆ.

ಈಗ ನನ್ನ ತಪ್ಪನ್ನು ನೋಡೋಣ. ನನ್ನ ಸ್ಕ್ರಿಪ್ಟಿನಲ್ಲಿ ಎರಡು ಫಂಕ್ಷನ್‌ಗಳಿದ್ದವು. ಒಂದು, ವಿದ್ಯಾರ್ಥಿಯ ಆರು ವಿಷಯಗಳ ಅಂಕ ಕೂಡಿಸುವುದು. ಇನ್ನೊಂದು, ಆದಾಯದ ಕ್ರಮದಲ್ಲಿ ಜೋಡಿಸಿದ ಸಾಲುಗಳನ್ನು ಒಂದೊಂದಾಗಿ ನೋಡುತ್ತ ಪಟ್ಟಿ ಮಾಡುವುದು. ಓದುಗರ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆಯುತ್ತೇನೆ. ಕಂಪ್ಯೂಟರಿಗೆ ಕೊಡುವಾಗ ಆಜ್ಞೆಯ ಶಬ್ದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.

ಫಂಕ್ಷನ್ ಅಂಕಕೂಡಿಸು (ಸಾಲು)
ಮೊತ್ತ = 0
ಆರು ವಿಷಯಗಳ ಅಂಕಗಳನ್ನು ಒಂದೊಂದಾಗಿ ಮೊತ್ತಕ್ಕೆ ಸೇರಿಸು
ಮೊತ್ತವನ್ನು ಉತ್ತರವಾಗಿ ಕೊಡು

ಫಂಕ್ಷನ್ ಪಟ್ಟಿಮಾಡು
ಮೊತ್ತ = 0
ಪ್ರತಿಯೊಂದು ಸಾಲಿಗೂ:
ಅಂಕ = ಅಂಕಕೂಡಿಸು (ಸಾಲು)
ಅಂಕ 375 ಅಥವಾ ಹೆಚ್ಚಿದ್ದು, ಮೊತ್ತ + 3000 ಎಂಬುದು 90000 ಮೀರದಿದ್ದರೆ
ಹೆಸರನ್ನು ಪಟ್ಟಿಗೆ ಸೇರಿಸು, ಮೊತ್ತ = ಮೊತ್ತ + 3000

ಎರಡೂ ಕಡೆ "ಮೊತ್ತ" ಎಂಬ ಹೆಸರಿದೆ. ಮೊದಲನೆಯದರಲ್ಲಿ ಅದು ಅಂಕಗಳ ಮೊತ್ತ. ಎರಡನೆಯದರಲ್ಲಿ ಇಲ್ಲಿಯವರೆಗೆ ಹಂಚಿದ ಹಣದ ಮೊತ್ತ. ನನ್ನ ತಲೆಯಲ್ಲಿ ಅವು ಎರಡು. ಆದರೆ ನಾನು ಎಲ್ಲಿಯೂ ಮುಕ್ಕಾಂ ಬರೆಯಲಿಲ್ಲ. ಗೂಗಲ್ ಶೀಟ್ಸ್‌ನ ಸ್ಕ್ರಿಪ್ಟ್ ಭಾಷೆ ಜಾವಾಸ್ಕ್ರಿಪ್ಟ್. ಘೋಷಣೆಯಿಲ್ಲದ ಹೆಸರಿಗೆ ಬೆಲೆ ಕೊಟ್ಟರೆ ಸಾಮಾನ್ಯ ಸ್ಥಿತಿಯಲ್ಲಿ ಈ ಭಾಷೆ ಏನನ್ನೂ ಕೇಳದೆ ಅದನ್ನು ಗ್ಲೋಬಲ್ ಮಾಡಿಬಿಡುತ್ತದೆ. ಹೀಗಾಗಿ ಎರಡು ಮೊತ್ತಗಳು ಒಂದೇ ಡಬ್ಬಿಯಾದವು.

ಏನಾಯಿತು ನೋಡಿ. ಮೊದಲ ವಿದ್ಯಾರ್ಥಿಗೆ 482 ಅಂಕ ಎಂದುಕೊಳ್ಳಿ. ಅಂಕ ಕೂಡಿಸುವ ಫಂಕ್ಷನ್ ಡಬ್ಬಿಯಲ್ಲಿ 482 ಇಟ್ಟು ಬಂತು. ಅದಕ್ಕೆ 3,000 ಸೇರಿ 3,482 ಆಯಿತು. ಎರಡನೆಯ ವಿದ್ಯಾರ್ಥಿಯ ಸರದಿ ಬಂದಾಗ ಅದೇ ಫಂಕ್ಷನ್ ಮತ್ತೆ ಡಬ್ಬಿಯನ್ನು ಬರಿದು ಮಾಡಿ ಅವನ 455 ಅಂಕವನ್ನು ಇಟ್ಟಿತು. ಮತ್ತೆ 3,000 ಸೇರಿ 3,455. ಹಂಚಿದ ಹಣದ ಲೆಕ್ಕ ಪ್ರತಿ ಸಲವೂ ಅಳಿಸಿಹೋಗುತ್ತಿತ್ತು. ಅದು 90,000ದ ಹತ್ತಿರ ಎಂದೂ ಹೋಗಲೇ ಇಲ್ಲ. 375 ದಾಟಿದ 41 ಮಕ್ಕಳೂ ಪಟ್ಟಿಗೆ ಬಂದರು. ಒಂದು ಕೆಂಪು ಅಕ್ಷರದ ಎಚ್ಚರಿಕೆ ಕೂಡ ಬರಲಿಲ್ಲ.

ನಾನು ಪರೀಕ್ಷಿಸಿರಲಿಲ್ಲವೇ ಎಂದರೆ ಪರೀಕ್ಷಿಸಿದ್ದೆ. ಐದು ಹೆಸರು ಹಾಕಿ ನೋಡಿದ್ದೆ. ಐದೂ ಸರಿಯಾಗಿ ಬಂದವು. ಐದು ಮಕ್ಕಳಿಗೆ 15,000 ಆಗುತ್ತದೆ, ಮಿತಿಯ ಹತ್ತಿರವೂ ಸುಳಿಯುವುದಿಲ್ಲ, ಇನ್ನು ತಪ್ಪು ಕಾಣುವುದೆಲ್ಲಿ? ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಪಟ್ಟಿಯ ಕೊನೆಯಲ್ಲಿ ಒಟ್ಟು ಮೊತ್ತ ತೋರಿಸುವಂತೆ ಬರೆದಿದ್ದೆ. ಅಲ್ಲಿ 3,391 ಎಂದು ಬಂದಿತ್ತು. 90,000 ಬರಬೇಕಾದಲ್ಲಿ 3,391. ಕೊನೆಯ ಸಾಲಿನ ವಿದ್ಯಾರ್ಥಿಗೆ 391 ಅಂಕ ಇತ್ತೆಂಬುದು ಆಮೇಲೆ ತಿಳಿಯಿತು. ಆಗ ನಾನು ಮಾಡಿದ್ದೇನು ಗೊತ್ತೇ? ಜುಮ್ಮಾಕ್ಕೆ ಹೊತ್ತಾಗುತ್ತಿದೆ, ಏನೋ ತೋರಿಸುವುದರಲ್ಲಿ ಹೆಚ್ಚುಕಮ್ಮಿಯಾಗಿದೆ ಎಂದುಕೊಂಡು ಆ ಸಾಲನ್ನೇ ಅಳಿಸಿ ಪ್ರಿಂಟ್ ತೆಗೆದೆ. ತಪ್ಪು ತಾನಾಗಿ ಬಂದು ಬಾಗಿಲು ಬಡಿದಿತ್ತು, ನಾನು ಚಿಲಕ ಹಾಕಿಕೊಂಡೆ.

ಪರಿಹಾರ ಒಂದು ಶಬ್ದ. ಫಂಕ್ಷನ್ನಿನೊಳಗೆ "ಮೊತ್ತ = 0" ಎನ್ನುವ ಬದಲು "ಲೆಟ್ ಮೊತ್ತ = 0" ಎನ್ನಬೇಕು. ಆಗ ಆ ಮೊತ್ತ ಆ ಮನೆಯದು. ಫಂಕ್ಷನ್ ಮುಗಿದಾಗ ಆ ಹೆಸರಿನ ಕೆಲಸವೂ ಮುಗಿಯಿತು. ಪಕ್ಕದ ಮನೆಯ ಮೊತ್ತಕ್ಕೆ ಅದು ಕೈಹಾಕುವುದಿಲ್ಲ. ನಿಜ ಹೇಳಬೇಕೆಂದರೆ ಎರಡರಲ್ಲಿ ಒಂದು ಫಂಕ್ಷನ್ನಿನಲ್ಲಿ ಲೆಟ್ ಬರೆದಿದ್ದರೂ ಆ ದಿನ ಪಟ್ಟಿ ಸರಿಯಾಗಿ ಬರುತ್ತಿತ್ತು. ಎರಡೂ ಕಡೆ ಬರೆಯಬೇಕು ಎಂಬುದು ನಿಯಮ.

ಈ ಲೆಟ್ ಯಾವಾಗ ಬಂತು ಎಂಬುದಕ್ಕೂ ಒಂದು ಕಥೆಯಿದೆ. ಜಾವಾಸ್ಕ್ರಿಪ್ಟನ್ನು 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಎಂಬವರು ಹತ್ತು ದಿನಗಳಲ್ಲಿ ಮೊದಲ ರೂಪಕ್ಕೆ ತಂದರು. ನಾವು ಬಿ.ಎಡ್. ಪಾಠಯೋಜನೆ ಬರೆಯಲು ಅದಕ್ಕಿಂತ ಹೆಚ್ಚು ದಿನ ತೆಗೆದುಕೊಳ್ಳುತ್ತೇವೆ. ಮೊದಲಿಗೆ ಅದರಲ್ಲಿದ್ದ ಘೋಷಣೆಯ ಶಬ್ದ "ವಾರ್". ವಾರ್ ಎಂದು ಘೋಷಿಸಿದ ಹೆಸರು ಇಡೀ ಫಂಕ್ಷನ್ನಿಗೆ ಸೇರುತ್ತದೆ. ಒಳಗಿನ ಕೋಣೆಯಲ್ಲಿ, ಅಂದರೆ ಒಂದು ಷರತ್ತಿನ ಅಥವಾ ಲೂಪಿನ ಪುಷ್ಪಾವರಣದೊಳಗೆ ಬರೆದರೂ ಅದು ಪಡಸಾಲೆಗೂ ಸೇರುತ್ತದೆ. 2015ರಲ್ಲಿ ಲೆಟ್ ಮತ್ತು ಕಾನ್ಸ್ಟ್ ಎಂಬ ಎರಡು ಶಬ್ದಗಳು ಸೇರಿದವು. ಇವು ಯಾವ ಕೋಣೆಯಲ್ಲಿ ಹುಟ್ಟಿದವೋ ಆ ಕೋಣೆಯಲ್ಲೇ ಇರುತ್ತವೆ. ಕಾನ್ಸ್ಟ್ ಎಂದು ಕೊಟ್ಟ ಹೆಸರಿಗೆ ಇನ್ನೊಮ್ಮೆ ಬೇರೆ ಬೆಲೆ ಕೊಡಲು ಬರುವುದಿಲ್ಲ. ಉದಾಹರಣೆಗೆ ನಮ್ಮ 90,000ದ ಮಿತಿಯನ್ನು ಕಾನ್ಸ್ಟ್ ಮಾಡಬೇಕು.

ಇದಕ್ಕೂ ಮೊದಲು 2009ರಲ್ಲಿ "ಯೂಸ್ ಸ್ಟ್ರಿಕ್ಟ್" ಎಂಬ ಒಂದು ಸಾಲು ಬಂತು. ಕಡತದ ಅಥವಾ ಫಂಕ್ಷನ್ನಿನ ಮೊದಲ ಸಾಲಾಗಿ ಇದನ್ನು ಬರೆದರೆ ಘೋಷಿಸದ ಹೆಸರಿಗೆ ಬೆಲೆ ಕೊಟ್ಟ ಕೂಡಲೇ ಕೆಲಸ ನಿಲ್ಲುತ್ತದೆ, "ಈ ಹೆಸರು ಯಾರದು?" ಎಂದು ಕೇಳುತ್ತದೆ. ನಾನು ಆ ಸಾಲು ಬರೆದಿದ್ದರೆ ಪಟ್ಟಿ ಬರುತ್ತಿರಲಿಲ್ಲ, ಬೈಗುಳ ಬರುತ್ತಿತ್ತು. ಅದೇ ಒಳ್ಳೆಯದಿತ್ತು. ಆದರೆ ಒಂದು ಎಚ್ಚರಿಕೆ. ಕೆಲವರು ಬೈಗುಳ ತಪ್ಪಿಸಿಕೊಳ್ಳಲು ಎಲ್ಲ ಹೆಸರುಗಳನ್ನೂ ಕಡತದ ನೆತ್ತಿಯ ಮೇಲೆ ಒಟ್ಟಿಗೆ ಘೋಷಿಸಿಬಿಡುತ್ತಾರೆ. ಆಗ ಸ್ಟ್ರಿಕ್ಟ್ ಸುಮ್ಮನಾಗುತ್ತದೆ. ಏಕೆಂದರೆ ಹೆಸರು ಘೋಷಣೆಯಾಗಿದೆ. ಆದರೆ ಡಬ್ಬಿ ಮಾತ್ರ ಮೊದಲಿನಂತೆ ಒಂದೇ. ನನ್ನ ತಪ್ಪು ಹಾಗೆಯೇ ಉಳಿಯುತ್ತಿತ್ತು. ಘೋಷಿಸಿದರೆ ಸಾಲದು, ಎಲ್ಲಿ ಬೇಕೋ ಅಲ್ಲಿ ಘೋಷಿಸಬೇಕು.

ಬೇರೆ ಭಾಷೆಗಳಲ್ಲಿ ಹೇಗೆ? ಭಾಷಾ ಶಿಕ್ಷಕಿಯಾದ್ದರಿಂದ ನನಗೆ ಇದೇ ಹೆಚ್ಚು ರುಚಿಸುವ ಭಾಗ. ಹಿರಿಯರು ಬೇಸರಿಸಬಾರದು.

ಹೆಸರಿಗೆ ಗೋಡೆ ಕಟ್ಟುವ ವಿಚಾರವನ್ನು ಸ್ಪಷ್ಟವಾಗಿ ಬರೆದಿಟ್ಟ ಹಳೆಯ ಭಾಷೆ ಅಲ್ಗಾಲ್. 1960ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ 13 ಜನ ವಿದ್ವಾಂಸರು ಸೇರಿ ಅದರ ರೂಪ ನಿರ್ಧರಿಸಿದರು. ಬಿಗಿನ್ ಮತ್ತು ಎಂಡ್ ಎಂಬ ಎರಡು ಶಬ್ದಗಳ ನಡುವೆ ಘೋಷಿಸಿದ ಹೆಸರು ಅದರ ಹೊರಗೆ ಹೋಗುವುದಿಲ್ಲ ಎಂಬ ಪದ್ಧತಿ ಅದರಲ್ಲಿತ್ತು. ಅಲ್ಗಾಲ್ ಎಂಬ ಹೆಸರು ಅಲ್ಗಾರಿದಂ ಎಂಬುದರಿಂದ ಬಂದದ್ದು. ಅಲ್ಗಾರಿದಂ ಶಬ್ದ 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿಯವರ ಹೆಸರಿನಿಂದ ಬಂದದ್ದು. ಈ ಮಾತನ್ನು ನಮ್ಮ ಸಮ್ಮೇಳನಗಳಲ್ಲಿ ಪ್ರತಿವರ್ಷ ಯಾರಾದರೊಬ್ಬರು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ನಾನೂ ಹೇಳಿದೆ, ಚಪ್ಪಾಳೆ ಬೇಡ. ಖ್ವಾರಿಜ್ಮಿಯವರು ತಮ್ಮ ಬೀಜಗಣಿತದ ಗ್ರಂಥವನ್ನು ವಾರಸಾ ಹಂಚಿಕೆ, ವ್ಯಾಪಾರದಂತಹ ನಿತ್ಯದ ಲೆಕ್ಕಗಳಿಗೆ ಉಪಯೋಗವಾಗುವಂತೆ ಬರೆದರು. ಹಣ ಹಂಚುವ ಲೆಕ್ಕದಲ್ಲಿಯೇ ನಾನು ಎಡವಿದೆ ಎಂಬುದನ್ನು ಮಾತ್ರ ಗಮನಿಸಿ.

ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಪರ್ಲ್ ಎಂಬುದು 1987ರಲ್ಲಿ ಲ್ಯಾರಿ ವಾಲ್ ಅವರಿಂದ ಬಂತು. ಅದರಲ್ಲಿ ಮೊದಲು "ಲೋಕಲ್" ಎಂಬ ಶಬ್ದವಿತ್ತು. 1994ರ ಐದನೆಯ ಆವೃತ್ತಿಯಲ್ಲಿ "ಮೈ" ಎಂಬ ಶಬ್ದ ಬಂತು. ಮೈ ಎಂದರೆ ನನ್ನದು, ಮೇರಾ. ಎಷ್ಟು ಚೆಂದದ ಶಬ್ದ ನೋಡಿ. "ನನ್ನ ಮೊತ್ತ" ಎಂದು ಬರೆದರೆ ಯಾವ ಮಗುವಿಗೂ ಅರ್ಥವಾಗುತ್ತದೆ. ಆದರೆ ಪರ್ಲ್‌ನ ಲೋಕಲ್ ಮೋಸ ಮಾಡುವ ಶಬ್ದ. ಅದು ಹೊಸ ಹೆಸರನ್ನು ಹುಟ್ಟಿಸುವುದಿಲ್ಲ. ಇರುವ ಗ್ಲೋಬಲ್ ಹೆಸರಿಗೇ ತಾತ್ಕಾಲಿಕ ಬೆಲೆ ಕೊಟ್ಟು, ಕೆಲಸ ಮುಗಿದ ಮೇಲೆ ಹಳೆಯ ಬೆಲೆಯನ್ನು ತಿರುಗಿ ಇಡುತ್ತದೆ. ಶಿಕ್ಷಕ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಡ್‌ಮಾಸ್ಟರು ರಜೆ ಹೋದಾಗ ಪ್ರಭಾರಿ ಹೆಡ್‌ಮಾಸ್ಟರು ಅದೇ ಕುರ್ಚಿಯಲ್ಲಿ ಕೂತು ಅದೇ ಮೊಹರು ಹಾಕುತ್ತಾರಲ್ಲ, ಹಾಗೆ. ಆ ಅವಧಿಯಲ್ಲಿ ಕಚೇರಿಗೆ ಬಂದವರಿಗೆಲ್ಲ ಪ್ರಭಾರಿಯೇ ಹೆಡ್‌ಮಾಸ್ಟರು. ಅಂದರೆ ಆ ಫಂಕ್ಷನ್ ಕರೆದ ಬೇರೆ ಫಂಕ್ಷನ್‌ಗಳಿಗೂ ತಾತ್ಕಾಲಿಕ ಬೆಲೆಯೇ ಕಾಣುತ್ತದೆ. ಮೈ ಎಂದರೆ ಹಾಗಲ್ಲ, ಮನೆಯಿಂದ ತಂದುಕೊಂಡ ಸ್ವಂತ ಕುರ್ಚಿ.

ಲಿನಕ್ಸ್ ಕಂಪ್ಯೂಟರಿನ ಬ್ಯಾಶ್‌ನಲ್ಲಿಯೂ ಲೋಕಲ್ ಎಂಬ ಶಬ್ದವಿದೆ, ಫಂಕ್ಷನ್ನಿನೊಳಗೆ ಮಾತ್ರ ಬಳಸಬೇಕು. ಅದರ ಸ್ವಭಾವ ಈ ಪ್ರಭಾರಿ ಕುರ್ಚಿಯದೇ. ಬರೆಯದಿದ್ದರೆ ಎಲ್ಲವೂ ಗ್ಲೋಬಲ್.

ಲುವಾ ಎಂಬ ಭಾಷೆಯ ಹೆಸರು ನೀವು ಕೇಳಿರಲಿಕ್ಕಿಲ್ಲ, ಆದರೆ ಅದರ ಕೆಲಸವನ್ನು ನೋಡಿದ್ದೀರಿ. ಬ್ರೆಜಿಲ್ ದೇಶದ ರಿಯೊ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಮೂವರು ಸೇರಿ ಮಾಡಿದ ಭಾಷೆ. ಪೋರ್ಚುಗೀಸ್‌ನಲ್ಲಿ ಲುವಾ ಎಂದರೆ ಚಂದ್ರ, ನಮ್ಮ ಚಾಂದ್. 2013ರಿಂದ ವಿಕಿಪೀಡಿಯದ ಟೆಂಪ್ಲೇಟುಗಳ ಹಿಂದೆ ಈ ಭಾಷೆ ದುಡಿಯುತ್ತಿದೆ. ಕನ್ನಡ ವಿಕಿಪೀಡಿಯದಲ್ಲೂ, ಉರ್ದು ವಿಕಿಪೀಡಿಯದಲ್ಲೂ ಪುಟದ ಬದಿಗೆ ಬರುವ ಮಾಹಿತಿ ಚೌಕಟ್ಟುಗಳ ಹಿಂದೆ ಲುವಾದ ಮಾಡ್ಯೂಲುಗಳಿವೆ. ಯಾರು ಬೇಕಾದರೂ ತೆರೆದು ಓದಬಹುದು. ಓದಿದರೆ ಅವುಗಳಲ್ಲಿ ಹೆಚ್ಚಿನವು "ಲೋಕಲ್" ಎಂಬ ಶಬ್ದದಿಂದಲೇ ಆರಂಭವಾಗುವುದು ಕಾಣುತ್ತದೆ. "ಲೋಕಲ್ ಪಿ" ಎಂದು ಒಂದು ಖಾಲಿ ಕೋಷ್ಟಕ ಮಾಡಿ, ಅದಕ್ಕೆ ಫಂಕ್ಷನ್‌ಗಳನ್ನು ತುಂಬಿ, ಕೊನೆಗೆ ಪಿಯನ್ನು ಹೊರಗೆ ಕೊಡುತ್ತಾರೆ. ಲುವಾದಲ್ಲಿಯೂ ಫಂಕ್ಷನ್ನಿನೊಳಗೆ ಲೋಕಲ್ ಎಂದು ಬರೆಯದೆ ಹೊಸ ಹೆಸರಿಗೆ ಬೆಲೆ ಕೊಟ್ಟರೆ ಅದು ಗ್ಲೋಬಲ್ ಆಗುವುದೇ ಪದ್ಧತಿ. ಎಷ್ಟೋ ಜನ ಸ್ವಯಂಸೇವಕರು ಮುಟ್ಟುವ ಬರಹದಲ್ಲಿ ಈ ಶಬ್ದ ಎಷ್ಟು ಮುಖ್ಯ ಎಂದು ಅಲ್ಲಿ ಹೋಗಿ ನೋಡಿ. ಕನ್ನಡ, ಉರ್ದು ಎರಡೂ ಬಲ್ಲ ನಮ್ಮ ಹುಡುಗ ಹುಡುಗಿಯರು ಆ ಕೆಲಸಕ್ಕೆ ಕೈ ಹಚ್ಚಬೇಕು ಎಂಬ ಆಸೆ ನನಗಿದೆ. ಅದು ಬೇರೆಯದೇ ಭಾಷಣ.

ಪೈಥಾನ್ ಇದಕ್ಕೆ ಉಲ್ಟಾ. 11ನೇ ತರಗತಿಯ ಎನ್‌ಸಿಇಆರ್‌ಟಿ ಕಂಪ್ಯೂಟರ್ ಸೈನ್ಸ್ ಪುಸ್ತಕದಲ್ಲಿ ಇರುವುದು ಇದೇ ಭಾಷೆ. ಇದರಲ್ಲಿ ಫಂಕ್ಷನ್ನಿನೊಳಗೆ ಹೆಸರಿಗೆ ಬೆಲೆ ಕೊಟ್ಟರೆ ಅದು ತಾನಾಗಿಯೇ ಲೋಕಲ್. ಗ್ಲೋಬಲ್ ಬೇಕೆಂದರೆ "ಗ್ಲೋಬಲ್ ಮೊತ್ತ" ಎಂದು ಬಾಯಿಬಿಟ್ಟು ಹೇಳಬೇಕು. ನನ್ನ ಪಟ್ಟಿಯನ್ನು ಪೈಥಾನಿನಲ್ಲಿ ಬರೆದಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ. 1995ರಲ್ಲಿ ಹೊರಬಂದ ಪಿಎಚ್‌ಪಿ ಕೂಡ ಈಗ ಇದೇ ರೀತಿ. ನನ್ನ ಅಭಿಪ್ರಾಯ ಕೇಳಿದರೆ ಕಲಿಯುವವರಿಗೆ ಇದೇ ಸರಿಯಾದ ರೀತಿ: ಮರೆತರೆ ಮನೆಯೊಳಗೇ ಉಳಿಯಬೇಕು, ಬೀದಿಗೆ ಹೋಗಬಾರದು.

ಆದರೆ ಪೈಥಾನಿಗೂ ತನ್ನದೇ ಕೊಂಕು ಇದೆ. ಹೊರಗೆ "ಎಣಿಕೆ = 0" ಎಂದು ಬರೆದು, ಒಂದು ಫಂಕ್ಷನ್ನಿನೊಳಗೆ "ಎಣಿಕೆ = ಎಣಿಕೆ + 1" ಎಂದು ಬರೆಯಿರಿ. ಕಂಪ್ಯೂಟರ್ ನಿಂತುಬಿಡುತ್ತದೆ. ಏಕೆ? ಒಳಗೆ ಬೆಲೆ ಕೊಟ್ಟಿದ್ದೀರಿ, ಆದ್ದರಿಂದ ಇಡೀ ಫಂಕ್ಷನ್ನಿನಲ್ಲಿ ಎಣಿಕೆ ಎಂಬುದು ಲೋಕಲ್. ಹಾಗಾದರೆ ಬಲಗಡೆಯ ಎಣಿಕೆಯೂ ಲೋಕಲ್. ಅದಕ್ಕೆ ಇನ್ನೂ ಬೆಲೆಯೇ ಬಂದಿಲ್ಲ, ಒಂದು ಕೂಡಿಸುವುದು ಯಾವುದಕ್ಕೆ? ಬಾಗಿಲ ಹೊರಗೆ ತುಂಬಿದ ಕೊಡ ಇದ್ದರೂ ಒಳಗಿನ ಖಾಲಿ ಕೊಡದಲ್ಲೇ ಲೋಟ ಅದ್ದಿದ ಹಾಗೆ. ವಾರಕ್ಕೊಮ್ಮೆ ನಳದ ನೀರು ಕಾದು ಬೆಳೆದ ನಮ್ಮ ಪೀಳಿಗೆಗೆ ಇದು ಬೇಗ ತಿಳಿಯುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ, ಮೇಲಿನ ತರಗತಿಯವರು ಬರೆದುಕೊಳ್ಳಿ. ಹೊರಗಿನ ಒಂದು ಪಟ್ಟಿಯನ್ನು ಫಂಕ್ಷನ್ನಿಗೆ ಕೊಟ್ಟು, ಒಳಗೆ ಅದಕ್ಕೆ ಬೇರೆ ಹೆಸರಿಟ್ಟು, ಅದಕ್ಕೆ ಒಂದು ಸಾಲು ಸೇರಿಸಿದರೆ ಹೊರಗಿನ ಪಟ್ಟಿಯೂ ಬೆಳೆಯುತ್ತದೆ. ಹೆಸರು ಲೋಕಲ್ ಆಗಿರಬಹುದು, ಹೆಸರು ತೋರಿಸುವ ವಸ್ತು ಲೋಕಲ್ ಅಲ್ಲ. ನೀವು ಮನೆಯಲ್ಲಿ ಅಬ್ಬಾ ಎನ್ನುತ್ತೀರಿ, ಅಂಗಡಿಯಲ್ಲಿ ಅವರಿಗೆ ಚಾಚಾ ಎನ್ನುತ್ತಾರೆ. ಆದರೆ ಅವರ ಕಾಲು ಮುರಿದರೆ ಎರಡೂ ಹೆಸರಿನವರ ಕಾಲು ಮುರಿದಂತೆಯೇ. ಲೋಕಲ್ ಎಂದು ಬರೆದೆವು, ಇನ್ನು ಎಲ್ಲವೂ ಸುರಕ್ಷಿತ ಎಂದು ತಿಳಿಯಬಾರದು.

ಚಿಕ್ಕ ಮಕ್ಕಳು ಇಷ್ಟೊತ್ತು ಆಕಳಿಸುತ್ತಿದ್ದೀರಿ, ನೋಡಿದ್ದೇನೆ. ನಿಮಗೂ ಇದೆ. ಸ್ಕ್ರ್ಯಾಚ್‌ನಲ್ಲಿ ಬೆಕ್ಕನ್ನು ಓಡಿಸುತ್ತೀರಲ್ಲ, ಅಲ್ಲಿ ಹೊಸ ವೇರಿಯಬಲ್ ಮಾಡುವಾಗ ಒಂದು ಸಣ್ಣ ಕಿಟಕಿ ತೆರೆದು ಎರಡು ಗುಂಡಿ ತೋರಿಸುತ್ತದೆ: "ಎಲ್ಲ ಪಾತ್ರಗಳಿಗೂ" ಅಥವಾ "ಈ ಪಾತ್ರಕ್ಕೆ ಮಾತ್ರ". ನೀವು ಓದದೆ ಸರಿ ಎಂದು ಒತ್ತುತ್ತೀರಿ. ಆಮೇಲೆ ಬೆಕ್ಕಿನ ಅಂಕ ಹೆಚ್ಚಿಸಿದರೆ ನಾಯಿಯ ಅಂಕವೂ ಹೆಚ್ಚಿತು ಎಂದು ನನ್ನ ಹತ್ತಿರ ದೂರು ತರುತ್ತೀರಿ. ನಾನು ಹನ್ನೊಂದು ಮನೆಯ ಬಾಗಿಲಿಗೆ ಹೋಗಿ ಕಲಿತದ್ದು ನಿಮಗೆ ಆ ಗುಂಡಿಯಲ್ಲೇ ಇದೆ.

ಹೌದು, ಹನ್ನೊಂದು ಮನೆಗೂ ಹೋದೆ. ಬೋರ್ಡಿನ ಮೇಲೆ ಹೊಸ ಪಟ್ಟಿ ಹಚ್ಚುವ ಮೊದಲು ನಾನೇ ಹೋಗಿ ಹೇಳಬೇಕು ಎಂದು ಅಧ್ಯಕ್ಷರಿಗೆ ಕೇಳಿಕೊಂಡಿದ್ದೆ. ಸಭೆಯಲ್ಲಿ ಸದಸ್ಯರು ಕೈಲಾದಷ್ಟು ಕೊಟ್ಟರು, ನನ್ನದೂ ಸೇರಿ 21,000 ಕೂಡಿತು. ಆದಾಯದ ಕ್ರಮದಲ್ಲಿ ಏಳು ಮಂದಿಗೆ ಹಣ ಒದಗಿತು. ನಾಲ್ವರಿಗೆ ಒದಗಲಿಲ್ಲ. ಆ ಪೇಢಾದ ಮನೆ ನಾಲ್ವರಲ್ಲಿ ಒಂದು. ಆದಾಯದ ಕಾಲಂನಲ್ಲಿ ಅವರದು ಬೇರೆಯವರಿಗಿಂತ ಹೆಚ್ಚಿತ್ತು. ಹೆಚ್ಚು ಎಂದರೆ ಎಷ್ಟು ಹೆಚ್ಚು ಎಂಬುದು ಕೈಗಾಡಿ ತಳ್ಳುವವರಿಗೇ ಗೊತ್ತು. ಅವರು ಸಿಟ್ಟು ಮಾಡಲಿಲ್ಲ, ಚಹಾ ಕುಡಿದು ಹೋಗಿ ಎಂದರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಹುಡುಗಿ ಪಿ.ಯು.ಸಿ. ಸೇರಿದ್ದಾಳೆ. ಫೀಸು ಹೇಗೆ ಹೊಂದಿಸಿದರೋ, ಕೇಳಲು ನನಗೆ ಬಾಯಿ ಬರಲಿಲ್ಲ.

ಭಾಷಣ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ಟೀಚರ್, ಹಾಗಾದರೆ ಎರಡು ಮೊತ್ತಗಳಿಗೆ ಬೇರೆ ಬೇರೆ ಹೆಸರು ಇಟ್ಟಿದ್ದರೆ ಸಾಕಿತ್ತಲ್ಲ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ, ಅಚ್ಚಿನಲ್ಲೂ ಬರಲೆಂದು ಸೇರಿಸಿದ್ದೇನೆ. ಆ ದಿನಕ್ಕೆ ಸಾಕಿತ್ತು. ಅಂಕಮೊತ್ತ, ಹಣಮೊತ್ತ ಎಂದು ಇಡುವುದು ಹೇಗೂ ಒಳ್ಳೆಯದು, ಓದುವವರಿಗೆ ಅರ್ಥವಾಗುತ್ತದೆ. ಆದರೆ ನಾಳೆ ಸ್ಕ್ರಿಪ್ಟ್ ಬೆಳೆದು ಇಪ್ಪತ್ತು ಫಂಕ್ಷನ್ ಆದಾಗ, ಅದರಲ್ಲಿ ಹತ್ತನ್ನು ಬೇರೆಯವರು ಬರೆದಾಗ, ಅವರು ಯಾವ ಹೆಸರು ಇಟ್ಟಿದ್ದಾರೆಂದು ನೆನಪಿಟ್ಟುಕೊಳ್ಳುವವರು ಯಾರು? ಓಣಿಗೆ ಹೊಸ ಸಂಸಾರ ಬಂದಾಗ ಅವರ ಮಗು ಅಬ್ಬಾ ಎನ್ನಬಾರದು ಎಂದು ಹೇಳಲಾಗುತ್ತದೆಯೇ?

ಈ ವರ್ಷದ ಪಟ್ಟಿಯನ್ನೂ ಸ್ಕ್ರಿಪ್ಟಿನಿಂದಲೇ ಮಾಡಿದ್ದೇವೆ. ಮೊದಲ ಸಾಲು ಯೂಸ್ ಸ್ಟ್ರಿಕ್ಟ್. ಪ್ರತಿ ಹೆಸರಿನ ಮುಂದೆ ಲೆಟ್ ಅಥವಾ ಕಾನ್ಸ್ಟ್ ಇದೆ. ಕೊನೆಯಲ್ಲಿ ಒಟ್ಟು ಮೊತ್ತದ ಸಾಲು ಇದೆ, ಅದನ್ನು ಅಳಿಸುವ ಅಧಿಕಾರ ನನಗಿಲ್ಲ. ಖಜಾಂಚಿ ಸಾಹೇಬರು ಪಕ್ಕದಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕುಳಿತಿದ್ದರು, ಎರಡೂ ಕಡೆ ಒಂದೇ ಲೆಕ್ಕ ಬಂದ ಮೇಲೆಯೇ ಪ್ರಿಂಟ್ ತೆಗೆದೆವು. ಆ ಸ್ಕ್ರಿಪ್ಟಿನ ಪ್ರತಿಯನ್ನೂ, ಹಿಂದಿನ ವರ್ಷದ ತಪ್ಪು ಸ್ಕ್ರಿಪ್ಟಿನ ಪ್ರತಿಯನ್ನೂ ಕಂಪ್ಯೂಟರ್ ಕೋಣೆಯ ಗೋಡೆಗೆ ಅಕ್ಕಪಕ್ಕದಲ್ಲಿ ಹಚ್ಚಿದ್ದೇನೆ. ಭಾನುವಾರ ಜೊಹರ್ ನಮಾಜಿನ ನಂತರ ಕೋಣೆ ತೆರೆದಿರುತ್ತದೆ. ಬೀಗದ ಕೈ ನನ್ನ ಹತ್ತಿರವೇ ಇದೆ. ಬರುವವರು ಒಂದು ನೋಟ್‌ಬುಕ್ ತನ್ನಿ, ಮೊದಲು ಕಾಗದದ ಮೇಲೆ ಡಬ್ಬಿ ಬರೆದು ಲೆಕ್ಕ ಹಾಕೋಣ, ಆಮೇಲೆ ಕಂಪ್ಯೂಟರ್ ಮುಟ್ಟೋಣ.